ಹೊಲಿಗೆ ಮಿಷನ್ ಕೊಟ್ಟಿದ್ದೀರಿ, ಒಂದು ಖಾಲಿ ಹಾಲ್ ಕೂಡ ಕೊಡಿ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಾನ್ಯ ಸಚಿವರಿಗೆ ಮತ್ತು ಇಂಥ ಪತ್ರಗಳನ್ನು ನಿಜವಾಗಿ ಓದುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ತುಮಕೂರಿನಲ್ಲಿ ಲೇಡೀಸ್ ಟೈಲರ್. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಾಕುವುದು, ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ, ಇಷ್ಟು ನನ್ನ ಕೆಲಸ. ಹಿಂಸೆಯಿಂದ ಬಿಡಿಸಿಕೊಂಡು ಬಂದ ಹೆಂಗಸರು ಉಳಿಯುವ ವಸತಿ ನಿಲಯಗಳಲ್ಲಿ, ಮೈ ಅಲ್ಲಾಡಿಸಿ ಮನಸ್ಸು ಹಗುರ ಮಾಡಿಕೊಳ್ಳಲು ವಾರಕ್ಕೊಮ್ಮೆ ಒಂದು ಖಾಲಿ ಹಾಲ್ ಕೊಡಿ ಅಂತ ಕೇಳಲು ಈ ಪತ್ರ. ಹೆಸರು ಹಾಕುತ್ತಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಟೇಪು ಹಿಡಿದವಳಿಗೆ ಮಾತ್ರ ಕಾಣುವ ಕೆಲವು ವಿಷಯ ಇವೆ. ಎದೆ ಸುತ್ತಳತೆಗೆ ಅಂತ ಟೇಪನ್ನು ಬೆನ್ನ ಹಿಂದಿನಿಂದ ತರುವಾಗ ಕೆಲವರು ಕಚಗುಳಿ ಅಂತ ನಗುತ್ತಾರೆ. ಕೆಲವರು ಉಸಿರು ಬಿಗಿಹಿಡಿದುಬಿಡುತ್ತಾರೆ. ನಾನು ಅಳತೆ ನೋಡಿ, ಚೀಟಿಯಲ್ಲಿ ಬರೆದು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ತಿರುಗಿದರೂ ಆ ಉಸಿರು ಆಚೆ ಬಂದಿರುವುದಿಲ್ಲ. ಭುಜ ಅಳೆಯಲು ಹೋದರೆ ಎರಡೂ ಭುಜ ಕಿವಿಯ ಹತ್ತಿರ ಇರುತ್ತವೆ. ಆ ಅಳತೆಗೆ ಹೊಲಿದರೆ ಬ್ಲೌಸ್ ಕೂರುವುದಿಲ್ಲ, ತೋಳು ಎಳೆಯುತ್ತದೆ. ಅದಕ್ಕೇ ಅಂಥವರು ಬಂದರೆ ನಾನು ಮೊದಲು ನೀರು ಕೊಡುತ್ತೇನೆ, ಸ್ಟೂಲ್ ಮೇಲೆ ಕೂರಿಸಿ ಮಕ್ಕಳ ಸ್ಕೂಲು, ಹೂವಿನ ರೇಟು ಅಂತ ಏನೋ ಒಂದು ಮಾತಾಡಿಸಿ, ಆಮೇಲೆ ಇನ್ನೊಂದು ಸಲ ಅಳೆಯುತ್ತೇನೆ. ಎಷ್ಟೋ ಸಲ ಅರ್ಧ ಇಂಚು ಫರಕು ಬರುತ್ತದೆ.

ನನಗೆ ಇದು ಕಣ್ಣಿಗೆ ಬೀಳುವುದಕ್ಕೆ ಕಾರಣ ಇಷ್ಟೇ. ನನ್ನ ಭುಜವೂ 11 ವರ್ಷ ಅಲ್ಲೇ, ಕಿವಿಯ ಹತ್ತಿರವೇ ಇತ್ತು.

ಆ 11 ವರ್ಷದ ಕಥೆ ಇಲ್ಲಿ ಬರೆಯುವುದಿಲ್ಲ. ಅಂಥ ಕಥೆಗಳು ನಿಮ್ಮ ಕಡತಗಳಲ್ಲಿ ಬೇಕಾದಷ್ಟು ಇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: 18ರಿಂದ 49 ವರ್ಷದೊಳಗಿನ, ಮದುವೆಯಾದ ಕರ್ನಾಟಕದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅದರ ಹಿಂದಿನ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಇದು ಶೇ 20.6 ಇತ್ತು. ಹಿಂಸೆ ಜಾಸ್ತಿಯಾಯಿತೋ, ಹೇಳುವ ಧೈರ್ಯ ಜಾಸ್ತಿಯಾಯಿತೋ, ಎರಡೂ ಇರಬಹುದು. ನನ್ನ ಅಂಗಡಿಯ ಲೆಕ್ಕದಲ್ಲಂತೂ ಹತ್ತು ಜನ ಅಳತೆಗೆ ಬಂದರೆ ಮೂರು ನಾಲ್ಕು ಜನ ಉಸಿರು ಹಿಡಿಯುತ್ತಾರೆ.

ನಾನು ಹೇಳಬೇಕು ಅಂತ ಕೂತಿರುವುದು ಬಿಟ್ಟು ಬಂದ ಮೇಲಿನ ಕಥೆ. ಮನೆ ಬಿಟ್ಟು ಬಂದು ಎರಡು ವರ್ಷವಾದರೂ ನನ್ನ ಮೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಬೀದಿಯಲ್ಲಿ ಯಾರದೋ ಬೈಕ್ ನಿಂತರೆ ಕೈಯಲ್ಲಿದ್ದ ಕತ್ತರಿ ನಿಂತುಬಿಡುತ್ತಿತ್ತು. ಚಿಲಕದ ಸದ್ದಿಗೆ ಹೊಟ್ಟೆ ಹಿಂಡುತ್ತಿತ್ತು. ಬಾಗಿಲಿಗೆ ಬೆನ್ನು ಮಾಡಿ ಕೂರಲು ಆಗದೆ ಮಿಷನ್ ಅನ್ನೇ ತಿರುಗಿಸಿ ಹಾಕಿಕೊಂಡಿದ್ದೆ, ಹಾಗಾಗಿ ಬೆಳಕು ತಪ್ಪು ಕಡೆಯಿಂದ ಬಿದ್ದು ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹೊಲಿಯುವಾಗ ಕಣ್ಣು ಹೋಗುತ್ತಿತ್ತು. ಇನ್ನೊಂದು ಕಡೆ, ನೋವೇ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಎಡಗೈ ಮಣಿಕಟ್ಟಿಗೆ ತಾಗಿದೆ. ನನಗೆ ಗೊತ್ತಾಗಿದ್ದು ವಾಸನೆಯಿಂದ. ಬಟ್ಟೆ ಸುಟ್ಟಿತಾ ಅಂತ ಮೊದಲು ಬಟ್ಟೆ ನೋಡಿದೆ. ಕೈ ನೋಡಿಕೊಂಡಿದ್ದು ಆಮೇಲೆ.

ಡಾಕ್ಟರ್ ಒಳ್ಳೆಯವರಿದ್ದರು. ಸಮಾಧಾನವಾಗಿ ತಿಳಿಸಿ ಹೇಳಿದರು. ಮೆದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಅಂತ ಒಂದು ಭಾಗ ಇದೆಯಂತೆ, ಅಪಾಯ ಅಂದ ಕೂಡಲೇ ಎಚ್ಚರಿಕೆ ಕೊಡುವುದು ಅದರ ಕೆಲಸ. ಆಗ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ, ಒಂದೋ ಹೊಡೆದಾಡು, ಇಲ್ಲವೇ ಓಡು ಅಂತ. ಎರಡೂ ಆಗದೆ ಹೋದಾಗ ಮೈ ಮೂರನೆಯ ದಾರಿ ಹಿಡಿಯುತ್ತದೆ, ಮರಗಟ್ಟುತ್ತದೆ. ಮುಟ್ಟಿದರೆ ಸತ್ತ ಹಾಗೆ ಬೀಳುವ ಹುಳ ನೋಡಿಲ್ವಾ, ಹಾಗೆ. ಅದು ಹೇಡಿತನ ಅಲ್ಲ, ಬದುಕುವುದಕ್ಕೆ ಮೈ ಮಾಡಿಕೊಂಡ ಉಪಾಯ ಅಂದರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ. ಯಾಕೆಂದರೆ ಅದುವರೆಗೂ ಎಲ್ಲರೂ ಕೇಳಿದ್ದು ಒಂದೇ, "ನೀನ್ಯಾಕೆ ಸುಮ್ನಿದ್ದೆ?"

ಮಾತ್ರೆಯಿಂದ ನಿದ್ದೆ ಬಂತು. ಕೌನ್ಸೆಲಿಂಗ್‌ಗೂ ಹೋದೆ, ಉಪಯೋಗವೂ ಆಯಿತು. ಆದರೆ ಪೊಲೀಸ್ ಠಾಣೆಯಲ್ಲಿ, ವಕೀಲರ ಮುಂದೆ, ಕೌನ್ಸೆಲರ್ ಮುಂದೆ ಅದನ್ನೇ ಹೇಳಿ ಹೇಳಿ ಕೊನೆಗೆ ಪಕ್ಕದ ಮನೆಯವಳ ಕಥೆ ಹೇಳಿದ ಹಾಗೆ ಹೇಳುವುದು ರೂಢಿಯಾಗಿಬಿಟ್ಟಿತು. ತಾರೀಕು, ಸಮಯ ಎಲ್ಲ ಪಕ್ಕಾ. ಬಾಯಿ ಹೇಳುತ್ತಿರುತ್ತದೆ, ಕೈ ತಣ್ಣಗಿರುತ್ತದೆ.

ಆಗ ನಮ್ಮ ಅಂಗಡಿಗೆ ಬರುವ ಒಬ್ಬ ಮೇಡಂ, ಬೆಂಗಳೂರಿನಲ್ಲಿ ಭಾನುವಾರ ಒಂದು ಗುಂಪು ಸೇರುತ್ತದೆ, ನೃತ್ಯ ಚಲನ ಚಿಕಿತ್ಸೆ ಅಂತಾರೆ, ಹೋಗಿ ನೋಡಿ ಅಂದರು. ನಗು ಬಂತು. 38 ವರ್ಷಕ್ಕೆ ಡ್ಯಾನ್ಸಾ? ನಾನು ಕುಣಿದಿದ್ದು ಏಳನೇ ಕ್ಲಾಸಿನ ಸ್ಕೂಲ್ ಡೇನಲ್ಲಿ, ಅದೂ ಹಿಂದಿನ ಸಾಲಿನಲ್ಲಿ. ಆದರೂ ಹೋದೆ. ಬೆಳಿಗ್ಗೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಬಸ್ ಹಿಡಿದು.

ಅಲ್ಲಿ ಡ್ಯಾನ್ಸ್ ಇರಲೇ ಇಲ್ಲ. ಕನ್ನಡಿ ಇಲ್ಲ, ಸ್ಟೆಪ್ ಇಲ್ಲ, ಒನ್ ಟೂ ತ್ರೀ ಇಲ್ಲ. ಎಂಟು ಜನ ಸುತ್ತ ನಿಂತೆವು. ಹೇಳಿಕೊಡುವವರು ಮೊದಲ ದಿನ ಹೇಳಿದ್ದು ಇಷ್ಟು: "ಪಾದ ನೆಲಕ್ಕೆ ಒತ್ತಿ. ನೆಲ ತಣ್ಣಗಿದೆಯಾ, ಬೆಚ್ಚಗಿದೆಯಾ, ನೋಡಿ." ಬಾಗಿಲು ತೆರೆದೇ ಇತ್ತು. ಯಾರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಕಾರಣ ಹೇಳಬೇಕಾಗಿಲ್ಲ ಅಂದರು. ಕಣ್ಣು ಮುಚ್ಚಿ ಅಂತ ಒಂದು ಸಲವೂ ಹೇಳಲಿಲ್ಲ. ಕೇಳದೆ ಯಾರನ್ನೂ ಮುಟ್ಟಲಿಲ್ಲ. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು, ಆದರೆ ಈ ಸಣ್ಣ ವಿಷಯಗಳೇ ಅಲ್ಲಿನ ಅರ್ಧ ಚಿಕಿತ್ಸೆ ಅಂತ ನನಗೆ ಗೊತ್ತಾಗಿದ್ದು ಇನ್ನೊಂದು ಕಡೆ, ಒಬ್ಬರು ಜುಂಬಾ ಹೇಳಿಕೊಡುವವರು ಲೈಟ್ ಆರಿಸಿ "ಎಲ್ಲರೂ ಮಲಗಿ, ಕಣ್ಣು ಮುಚ್ಚಿ, ರಿಲ್ಯಾಕ್ಸ್" ಅಂದಾಗ. ಅವತ್ತು ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ರಸ್ತೆಗೆ ಬಂದಿದ್ದೆ.

ಒಂದು ಆಟ ಇತ್ತು. ಇಬ್ಬರು ದೂರ ದೂರ ನಿಲ್ಲುವುದು. ಒಬ್ಬರು ನಿಧಾನವಾಗಿ ನಡೆದು ಹತ್ತಿರ ಬರುತ್ತಾರೆ. ನಿಂತವರು, ಇನ್ನು ಹತ್ತಿರ ಬರುವುದು ಬೇಡ ಅನ್ನಿಸಿದ ಕೂಡಲೇ ಕೈ ಎತ್ತಬೇಕು. ಅಷ್ಟೇ ಆಟ, ಮಕ್ಕಳೂ ಆಡಬಹುದು. ನನಗೆ ಕೈ ಎತ್ತಲು ಆಗಲಿಲ್ಲ. ಎದುರಿನಿಂದ ಬರುತ್ತಿದ್ದದ್ದು ನನ್ನಂಥದ್ದೇ ಒಬ್ಬ ಹೆಂಗಸು, ಬ್ಯಾಂಕ್ ಉದ್ಯೋಗಿ, ಪಾಪ, ಇರುವೆ ಕೂಡ ತುಳಿಯದವಳು. ಬಂದಳು, ಬಂದಳು, ಒಂದು ಅಡಿ ದೂರಕ್ಕೆ ಬಂದು ಅವಳೇ ನಿಂತಳು. ನನ್ನ ಕೈ ತೊಡೆಗೆ ಅಂಟಿಕೊಂಡ ಹಾಗೆ ಹಾಗೇ ಇತ್ತು. ಕೈಗೆ ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ. ಹೇಳಿಕೊಡುವವರು ಏನೂ ಅನ್ನಲಿಲ್ಲ. "ಇವತ್ತು ಇಷ್ಟು" ಅಂದರು. ಮುಂದಿನ ವಾರ ಬೆರಳು ಅಲ್ಲಾಡಿತು. ಅದರ ಮುಂದಿನ ವಾರ ಹೋಗಲೇ ಇಲ್ಲ, ಜ್ವರ ಅಂತ ಸುಳ್ಳು ಹೇಳಿದೆ. ನಾಲ್ಕನೇ ಭಾನುವಾರ ಕೈ ಎದೆಯ ಎತ್ತರಕ್ಕೆ ಬಂತು, ಅಂಗೈ ಮುಂದಕ್ಕೆ ತಿರುಗಿತು, ಬ್ಯಾಂಕಿನವಳು ಐದು ಅಡಿ ದೂರದಲ್ಲಿ ನಿಂತಳು. ನಿಂತುಬಿಟ್ಟಳು! ನಾನು ಕೈ ಎತ್ತಿದ್ದಕ್ಕೆ ಒಬ್ಬರು ನಿಂತರು. ಅವಳು ಅತ್ತಳು, ನಾನು ನಕ್ಕೆ, ಯಾಕೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಅವತ್ತು ವಾಪಸ್ ಬರುವಾಗ ರೈಲಿನಲ್ಲಿ ಪಕ್ಕದವನು ಮೊಣಕೈ ಒತ್ತುತ್ತಿದ್ದ. ಎಂದಿನ ಹಾಗೆ ಕಿಟಕಿಗೆ ಅಂಟಿಕೊಂಡು ಕೂರುವ ಬದಲು "ಸ್ವಲ್ಪ ಸರಿದು ಕೂತ್ಕೊಳ್ಳಿ" ಅಂದೆ. ಸರಿದ. ಇಷ್ಟು ಸುಲಭ ಇತ್ತಾ ಅಂತ ಊರು ಬರುವವರೆಗೂ ಯೋಚಿಸುತ್ತಾ ಕೂತಿದ್ದೆ.

ಇದು ನನ್ನ ಅನುಭವ. ನೀವು ಸರ್ಕಾರದವರು, ಒಬ್ಬಳ ಅನುಭವ ಇಟ್ಟುಕೊಂಡು ಆದೇಶ ಹೊರಡಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ ಸೇಂಟ್ ಎಲಿಜಬೆತ್ಸ್ ಅನ್ನುವ ಮಾನಸಿಕ ಆಸ್ಪತ್ರೆ. 1942ರಲ್ಲಿ ಮೇರಿಯನ್ ಚೇಸ್ ಅನ್ನುವ ನರ್ತಕಿ ಅಲ್ಲಿ ಕೆಲಸ ಶುರು ಮಾಡಿದರು. ಎರಡನೇ ಮಹಾಯುದ್ಧದ ಕಾಲ, ಯುದ್ಧದಿಂದ ಮಾತು ಕಳೆದುಕೊಂಡು ಬಂದವರು, ಗೋಡೆ ನೋಡುತ್ತಾ ಕೂತವರು. ಅವರಿಗೆ ಆಕೆ ಡ್ಯಾನ್ಸ್ ಕಲಿಸಲಿಲ್ಲ. ಅವರು ಹೇಗೆ ಅಲ್ಲಾಡುತ್ತಾರೋ ಹಾಗೇ ತಾನೂ ಅಲ್ಲಾಡಿ, ಎದುರು ನಿಂತು ಜೊತೆಯಾದರು, ಸುತ್ತ ನಿಲ್ಲಿಸಿದರು. 1966ರಲ್ಲಿ ಅಮೆರಿಕದಲ್ಲಿ ನೃತ್ಯ ಚಿಕಿತ್ಸಕರ ಸಂಘ ಶುರುವಾದಾಗ ಆಕೆಯೇ ಮೊದಲ ಅಧ್ಯಕ್ಷೆ.

ಅಷ್ಟು ದೂರ ಯಾಕೆ, ಕೋಲ್ಕತ್ತಾ ನೋಡಿ. ಸಮಾಜಶಾಸ್ತ್ರ ಓದಿದ, ನೃತ್ಯ ಬಲ್ಲ ಸೋಹಿನಿ ಚಕ್ರವರ್ತಿ ಅವರು 2004ರಲ್ಲಿ ಕೋಲ್ಕತ್ತಾ ಸಂವೇದ್ ಅನ್ನುವ ಸಂಸ್ಥೆ ಕಟ್ಟಿದರು. ಮಾರಾಟವಾಗಿ, ಬಿಡುಗಡೆಯಾಗಿ ಬಂದ ಹುಡುಗಿಯರ ಜೊತೆ ನೃತ್ಯ ಚಲನ ಚಿಕಿತ್ಸೆ ಅವರ ಕೆಲಸ. ನನಗೆ ಅದರಲ್ಲಿ ತುಂಬಾ ಇಷ್ಟವಾದ ವಿಷಯ ಏನು ಗೊತ್ತಾ? ಹಾಗೆ ಬಂದ ಹುಡುಗಿಯರಲ್ಲೇ ಕೆಲವರು ತರಬೇತಿ ಪಡೆದು ಬೇರೆಯವರಿಗೆ ಹೇಳಿಕೊಡುವವರಾದರು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇವರ ಜೊತೆ ಸೇರಿ ಇದರಲ್ಲಿ ಡಿಪ್ಲೊಮಾ ಕೋರ್ಸನ್ನೇ ನಡೆಸಿದೆ. ನಮ್ಮ ಬೆಂಗಳೂರಿನಲ್ಲೂ ಇದು ಹೊಸದಲ್ಲ. ತ್ರಿಪುರಾ ಕಶ್ಯಪ್ ಅವರು ಅಮೆರಿಕದಲ್ಲಿ ಕಲಿತು ಬಂದು 1990ರ ದಶಕದಿಂದ ಈ ಕೆಲಸ ಮಾಡುತ್ತಿದ್ದಾರೆ. ಅಂದರೆ ಜನ ಇದ್ದಾರೆ, ಕಲಿಯಲು ಜಾಗವೂ ಇದೆ. ಇಲ್ಲದಿರುವುದು ನಿಮ್ಮ ಪಟ್ಟಿಯಲ್ಲಿ ಒಂದು ಸಾಲು.

ಇದರಿಂದ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ಹೇಳುವವರನ್ನು ನಂಬಲೂ ಬೇಡಿ. 2015ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯವರು ಖಿನ್ನತೆಗೆ ಈ ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅವರ ಜರಡಿಯಲ್ಲಿ ಉಳಿದದ್ದು ಮೂರೇ ಅಧ್ಯಯನ, ಒಟ್ಟು 147 ಜನ. ಇಷ್ಟರಿಂದ ಖಚಿತವಾಗಿ ಏನೂ ಹೇಳಲು ಆಗುವುದಿಲ್ಲ, ಇನ್ನೂ ಒಳ್ಳೆಯ ಅಧ್ಯಯನ ಬೇಕು ಅಂದರು. ಸರಿಯಾದ ಮಾತು. ಹಾಗಾದರೆ ಅಧ್ಯಯನ ನಾವೇ ಮಾಡಬಹುದಲ್ವಾ? ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಿಮ್ಹಾನ್ಸ್ ಇರುವುದು ನಮ್ಮ ಬೆಂಗಳೂರಲ್ಲೇ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವುದು ಹೇಗೆ ಅಂತ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದೂ ಅವರೇ, ಆಮೇಲೆ ಇಡೀ ದೇಶ ಅದನ್ನು ಮಾದರಿ ಮಾಡಿಕೊಂಡಿತು. ನಾಲ್ಕು ವಸತಿ ನಿಲಯ ಅವರಿಗೆ ಕೊಡಿ, ಎರಡು ವರ್ಷ ಲೆಕ್ಕ ಇಡಲಿ. ಉಪಯೋಗ ಇಲ್ಲ ಅಂತ ಬಂದರೆ ನಿಲ್ಲಿಸಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಈಗ ವಸತಿ ನಿಲಯದ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮ ಜಿಲ್ಲೆಯಲ್ಲಿ ಅಲ್ಲ, ಬೇರೆ ಕಡೆ, ಒಂದು ಸಂಸ್ಥೆ ನಡೆಸುವ ಆಶ್ರಯಧಾಮಕ್ಕೆ ನಾನು ವಾರಕ್ಕೊಮ್ಮೆ ಹೊಲಿಗೆ ಹೇಳಿಕೊಡಲು ಹೋಗುತ್ತಾ ಬಂದಿದ್ದೇನೆ. ಊರಿನ ಹೆಸರು ಬೇಡ, ಅಲ್ಲಿನ ಹೆಂಗಸರಿಗೆ ತೊಂದರೆ ಆಗುತ್ತದೆ. ಮಿಷನ್‌ಗಳಿಗೇನೂ ಕಮ್ಮಿ ಇರಲಿಲ್ಲ. ಹೊಲಿಗೆ, ಅಗರಬತ್ತಿ, ಸಂಜೆ ಭಜನೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಆ ಹೆಂಗಸರು ನಡೆಯುವುದನ್ನು ನೀವು ನೋಡಬೇಕಿತ್ತು. ಗೋಡೆ ಪಕ್ಕಕ್ಕೇ ನಡೆಯುತ್ತಾರೆ, ಖಾಲಿ ಇರುವ ಕಾರಿಡಾರ್‌ನಲ್ಲೂ. ಮಿಷನ್ ಪೆಡಲ್ ತುಳಿಯುವಾಗ ಒಬ್ಬಳ ಕಾಲು ಹೆದರಿ ಹೆದರಿ ತುಳಿಯುತ್ತದೆ, ಹೊಲಿಗೆ ಕುಂಟುತ್ತದೆ. ನಾನು "ಒಂದೇ ಸಮ ತುಳಿಯಮ್ಮ" ಅಂತ ಮೂರು ವಾರ ಹೇಳಿ ಸೋತೆ. ನಾಲ್ಕನೇ ವಾರ ಮಿಷನ್ ಪಕ್ಕಕ್ಕಿಟ್ಟು, ಎಲ್ಲರೂ ಎದ್ದು ನಿಂತು ಒಟ್ಟಿಗೆ ನೆಲ ತುಳಿಯೋಣ ಅಂದೆ. ಎಡ, ಬಲ, ಎಡ, ಬಲ. ಹತ್ತು ನಿಮಿಷ. ಕೂತ ಮೇಲೆ ಅವಳ ಹೊಲಿಗೆ ನೆಟ್ಟಗೆ ಹೋಯಿತು. ಅಲ್ಲಿಂದ ಶುರುವಾಯಿತು.

ಆಮೇಲೆ ನನ್ನ ಭಾನುವಾರದ ಗುರುಗಳನ್ನು ಕೇಳಿಕೊಂಡೆ, ಅವರೇ ತಿಂಗಳಿಗೆ ಎರಡು ಸಲ ಬಂದರು, ಬಸ್ ಚಾರ್ಜ್ ಮಾತ್ರ ತೆಗೆದುಕೊಂಡು. ಯಾವ ಹಾಡು ಹಾಕಬೇಕು ಅನ್ನುವುದರಲ್ಲೇ ಮೊದಲ ತಪ್ಪು ನಾನು ಮಾಡಿದೆ. ಎಲ್ಲರಿಗೂ ಗೊತ್ತಿರಲಿ ಅಂತ ಒಂದು ಸಿನಿಮಾ ಹಾಡು ಹಾಕಿದರೆ ಒಬ್ಬ ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಅವಳನ್ನು ಕುಣಿಸುತ್ತಿದ್ದ ಜಾಗದಲ್ಲಿ ಆ ಹಾಡು ಹಾಕುತ್ತಿದ್ದರಂತೆ. ಅಲ್ಲಿಯವರೆಗೂ ಕುಣಿತ ಅಂದರೆ ಎಲ್ಲರಿಗೂ ಖುಷಿ ಅಂದುಕೊಂಡಿದ್ದೆ ನಾನು, ಎಂಥ ದಡ್ಡಿ. ಈ ನಾಡಿನಲ್ಲಿ ದೇವದಾಸಿ ಪದ್ಧತಿ ನಿಲ್ಲಿಸಲು 1982ರಲ್ಲಿ ಕಾನೂನು ತರಬೇಕಾಯಿತು. ಹೆಣ್ಣಿನ ಕುಣಿತ ಅಂದರೆ ಯಾರದೋ ಕಣ್ಣಿಗೆ ಅನ್ನುವುದು ಇಲ್ಲಿ ಅಷ್ಟು ಹಳೆಯ ರೋಗ. ಹಾಗಾಗಿ ಇಂಥವರ ಜೊತೆ ಕೆಲಸ ಮಾಡುವವರಿಗೆ ಕುಣಿಸುವುದಕ್ಕಿಂತ ಮೊದಲು ಕುಣಿಸದೆ ಇರುವುದು ಗೊತ್ತಿರಬೇಕು. ಆ ಹುಡುಗಿ ಎರಡು ತಿಂಗಳು ಕಿಟಕಿ ಹತ್ತಿರ ಕೂತು ನೋಡಿದಳು, ಅಷ್ಟೇ. ಯಾರೂ ಕರೆಯಲಿಲ್ಲ. ಒಂದು ದಿನ ಕೂತಲ್ಲೇ ಕಾಲ ಹೆಬ್ಬೆರಳು ತಾಳ ಹಾಕುತ್ತಿತ್ತು. ನಾನು ನೋಡದ ಹಾಗೆ ಇದ್ದೆ.

ಹಾಡು ಬಿಟ್ಟೆವು. ಅಲ್ಲಿದ್ದವರಲ್ಲಿ ಒಬ್ಬ ಅಜ್ಜಿಗೆ ಕೋಲಾಟದ ಪದ ಬರುತ್ತಿತ್ತು. ಮಗನೇ ಹೊರಗೆ ಹಾಕಿದ ಅಜ್ಜಿ. ಅವರ ಊರಲ್ಲಿ ಹೆಂಗಸರೆಲ್ಲ ಸೇರಿ ಆಡುತ್ತಿದ್ದರಂತೆ. ಸರಿ, ಕೋಲಾಟ ಅಂದುಕೊಂಡೆವು, ಹನ್ನೆರಡು ಜೊತೆ ಕೋಲು ತಂದೆ. ಎರಡನೇ ತಪ್ಪು. ಎದುರಿನವರು ಕೋಲು ಎತ್ತಿದ ತಕ್ಷಣ ಮೂರು ಜನ ಮುಖ ಮುಚ್ಚಿಕೊಂಡರು. ಒಬ್ಬಳು ಕೂತೇಬಿಟ್ಟಳು, ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು. ನನಗೂ ಎದೆ ಡವಡವ ಅನ್ನುತ್ತಿತ್ತು ಅನ್ನುವುದು ಬೇರೆ ಮಾತು. ಎತ್ತಿದ ಕೋಲು ಅಂದರೆ ನಮ್ಮ ಮೈಗೆ ಗೊತ್ತಿದ್ದದ್ದು ಒಂದೇ ಅರ್ಥ.

ಕೋಲು ಮೂಲೆಗೆ ಇಟ್ಟೆವು. ಬರಿಗೈಯಲ್ಲಿ, ಅಂಗೈಗೆ ಅಂಗೈ ತಟ್ಟುವುದರಿಂದ ಶುರು ಮಾಡಿದೆವು. ಅದು ಒಂದು ತಿಂಗಳು. ಆಮೇಲೆ ಪೇಪರ್ ಸುರುಳಿ ಸುತ್ತಿ ಕೋಲು ಮಾಡಿಕೊಂಡೆವು, ಹಳೆಯ ನ್ಯೂಸ್‌ಪೇಪರ್, ಹೊಡೆದರೆ ಬಾಗುತ್ತದೆ, ನಗು ಬರುತ್ತದೆ. ಅದು ಇನ್ನೊಂದು ತಿಂಗಳು. ಅಜ್ಜಿ ಪದ ಹೇಳುವುದು, ಉಳಿದವರು ಅದನ್ನೇ ಎತ್ತಿಕೊಳ್ಳುವುದು. ಪದ ಜೋರಾಗಿ ಹೇಳಬೇಕಾದರೆ ಉಸಿರು ಬಿಡಲೇಬೇಕಲ್ಲ, ಹಿಡಿದುಕೊಂಡು ಹಾಡಲು ಆಗುವುದಿಲ್ಲ. ಉಸಿರು ಉದ್ದವಾಗಿ ಬಿಟ್ಟಷ್ಟೂ ಎದೆಬಡಿತ ಇಳಿಯುತ್ತದೆ, ಇದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಮತ್ತೆ ತಾಳ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಮನೆಯಲ್ಲಿ ಅದು ಗೊತ್ತಿರುತ್ತಿರಲಿಲ್ಲ, ಅದೇ ಅಲ್ವಾ ಹಿಂಸೆ.

ನಾಲ್ಕನೇ ತಿಂಗಳ ಒಂದು ಗುರುವಾರ ಅವರೇ ಮೂಲೆಯಿಂದ ಮರದ ಕೋಲು ತಂದರು. ಯಾರು ಮೊದಲು ಎತ್ತಿಕೊಂಡರು ನನಗೆ ನೆನಪಿಲ್ಲ. ಎದುರು ಬದುರು ಎರಡು ಸಾಲು. ಎದುರಿನವಳ ಕೋಲು ಮೇಲೆ ಹೋಯಿತು, ನನ್ನದೂ ಹೋಯಿತು, ಎರಡೂ ನಡುವೆ ಗಾಳಿಯಲ್ಲೇ ಸಿಕ್ಕವು. ಟಕ್. ಅಷ್ಟೇ ಸದ್ದು. ಮೈಗೆ ಏನೂ ತಾಗಲಿಲ್ಲ. ಮತ್ತೆ ಎತ್ತಿದೆವು. ಟಕ್. ತಲೆ ಹಿಡಿದು ಕೂತಿದ್ದವಳು ಅವತ್ತು ಕೋಲನ್ನು ಎಷ್ಟು ಜೋರಾಗಿ ಬೀಸಿದಳು ಅಂದರೆ ನನ್ನ ಕೈ ಜುಮ್ಮೆಂದಿತು. "ಟೈಲರಕ್ಕ, ನೋವಾಯ್ತಾ?" ಅಂದಳು. ಹೂಂ ಅಂದೆ. ನಿಜವಾಗಿ ನೋವಾಗಿತ್ತು.

ಇಲ್ಲೊಂದು ಮಾತು. ನಮ್ಮ ಹಳ್ಳಿ ಕಡೆ ಜಾತ್ರೆಯಲ್ಲಿ ಹೆಂಗಸರಿಗೆ ದೇವರು ಮೈಮೇಲೆ ಬರುವುದನ್ನು ನೋಡಿ ಬೆಳೆದವಳು ನಾನು. ವರ್ಷವಿಡೀ ಸೊಲ್ಲೆತ್ತದವಳು ಅವತ್ತು ಜಡೆ ಬಿಚ್ಚಿ, ಮೈ ಕೊಡವಿ, ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು, ಎಲ್ಲರೂ ಕೈ ಮುಗಿಯುತ್ತಿದ್ದರು. ಮೈಯಲ್ಲಿ ಸೇರಿದ್ದನ್ನು ಮೈಯಿಂದಲೇ ಕೊಡವಬೇಕು ಅನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತೇನೋ. ಹಾಗಂತ ನಮ್ಮ ಹಿರಿಯರು ಎಲ್ಲ ಕಂಡುಹಿಡಿದಿದ್ದರು ಅಂತ ನಾನು ಬೀಗುವುದಿಲ್ಲ. ಮಾರನೇ ದಿನ ಅದೇ ಮನೆ, ಅದೇ ಗಂಡ. ಕೂಗಿದ್ದು ದೇವರು ಅಂತಾಗಿ, ಅವಳ ಮಾತು ಅವಳದ್ದಾಗಿ ಉಳಿಯುತ್ತಲೇ ಇರಲಿಲ್ಲ.

ಮುಂದೆ ಏನಾಯಿತು ಅಂದರೆ, ಮಾರ್ಚ್ ಬಂತು. ಮಹಿಳಾ ದಿನ. ದೊಡ್ಡವರು ಯಾರೋ ಬರುತ್ತಾರೆ, ಸ್ಟೇಜ್ ಹಾಕುತ್ತಾರೆ, ನಿಮ್ಮ ಹುಡುಗಿಯರ ಕೋಲಾಟ ಇಡೋಣ, ಒಂದೇ ಬಣ್ಣದ ಸೀರೆ ಕೊಡಿಸುತ್ತೇವೆ ಅಂದರು ಅಲ್ಲಿನ ಮೇಲ್ವಿಚಾರಕಿ. ನಾನು ಹೆಂಗಸರನ್ನೇ ಕೇಳಿದೆ. ಐದು ಜನ ಆಡುತ್ತೇವೆ ಅಂದರು, ಉಳಿದವರು ಬೇಡ ಅಂದರು. ಪೇಪರಿನಲ್ಲಿ ಫೋಟೋ ಬಂದರೆ ಅವನಿಗೆ ಗೊತ್ತಾಗುತ್ತದೆ ಅಂದಳು ಒಬ್ಬಳು. ಕಿಟಕಿ ಹತ್ತಿರದ ಹುಡುಗಿ ಏನೂ ಅನ್ನಲಿಲ್ಲ, ಅಂಗೈ ಮುಂದಕ್ಕೆ ತಿರುಗಿಸಿ ಕೈ ಎತ್ತಿದಳು. ಆ ಆಟ ಅವಳಿಗೂ ಹೇಳಿಕೊಟ್ಟಿದ್ದೆವು, ಅವಳು ಕೂತಲ್ಲಿಂದಲೇ ಕಲಿತಿದ್ದಳು. ನಾನು ಹೋಗಿ, ಆಗುವುದಿಲ್ಲ ಮೇಡಂ ಅಂದೆ.

"ಇಷ್ಟು ದಿನ ಹಾಲ್ ಕೊಟ್ಟಿಲ್ವಾ? ಒಂದು ದಿನ ಕುಣಿಯೋಕೆ ಏನು ಕಷ್ಟ?" ಅಂದರು. ಅವರೇನೂ ಕೆಟ್ಟವರಲ್ಲ. ರಾತ್ರಿ ಎರಡು ಗಂಟೆಗೆ ಪೊಲೀಸರು ಹುಡುಗಿಯನ್ನು ಕರೆತಂದರೆ ಎದ್ದು ಅನ್ನ ಮಾಡಿ ಹಾಕುವವರು. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ. ಆದರೆ ಮುಂದಿನ ಗುರುವಾರ ಹೋದಾಗ ಹಾಲ್‌ಗೆ ಬೀಗ ಬಿದ್ದಿತ್ತು. ಹೊಲಿಗೆ ಮಾತ್ರ ಸಾಕು ಟೀಚರ್ ಅಂದರು. ಅದಾಗಿ ಒಂದು ವರ್ಷವಾಗುತ್ತಾ ಬಂತು.

ಸ್ವಾಮಿ, ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ಹೆಸರಿಡಬೇಡಿ, ಲೋಗೋ ಬೇಡ, ಉದ್ಘಾಟನೆ ಬೇಡ. 2015ರಿಂದ ಸಖಿ ಕೇಂದ್ರಗಳು ನಡೆಯುತ್ತಿವೆ, ಅಲ್ಲಿ ಆಸ್ಪತ್ರೆ, ಪೊಲೀಸ್, ವಕೀಲರು, ಕೌನ್ಸೆಲಿಂಗ್, ನಾಲ್ಕೈದು ದಿನದ ಆಸರೆ ಎಲ್ಲ ಒಂದೇ ಸೂರಿನ ಕೆಳಗೆ ಸಿಗುತ್ತದೆ. ರಾತ್ರಿ ಯಾರಿಗಾದರೂ ಮನಸ್ಸು ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹೆಂಗಸರಿಗೆ 181 ಇದೆ. ಇವೆಲ್ಲ ಬೇಕೇ ಬೇಕು. ಇವುಗಳ ಪಕ್ಕದಲ್ಲಿ, ಹೆಂಗಸರು ತಿಂಗಳುಗಟ್ಟಲೆ ಉಳಿಯುವ ಪ್ರತಿಯೊಂದು ನಿಲಯದಲ್ಲೂ ವಾರಕ್ಕೆ ಒಂದೂವರೆ ಗಂಟೆ ಒಂದು ಖಾಲಿ ಹಾಲ್, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಹಾಗೆ ಇರಬೇಕು, ಹೊರಗಿನಿಂದ ಅಲ್ಲ. ಹೇಳಿಕೊಡಲು ತರಬೇತಿ ಆದವರೇ ಬೇಕು, ಅವರಿಗೆ ಸಂಬಳ ಕೊಡಿ, ಸೇವೆ ಸೇವೆ ಅಂತ ಬಸ್ ಚಾರ್ಜ್‌ನಲ್ಲಿ ಮುಗಿಸಬೇಡಿ. ಹಾವೇರಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಊರೂರಲ್ಲಿ ಕೋಲಾಟದ ಅಜ್ಜಿಯರಿದ್ದಾರೆ, ಗಂಡಸರದ್ದೇ ಅಂತ ಇದ್ದ ಡೊಳ್ಳು ಕಟ್ಟಿಕೊಂಡು ಕುಣಿಯುವ ಹೆಂಗಸರ ತಂಡಗಳಿವೆ. ಇವರನ್ನು ನಿಮ್ಹಾನ್ಸ್‌ನವರ ಜೊತೆ ಕೂರಿಸಿ. ಇವರಿಗೆ ಕುಣಿತ ಗೊತ್ತು, ಅವರಿಗೆ ಗಾಯ ಗೊತ್ತು. ಕೋಲ್ಕತ್ತಾದ ಹಾಗೆ ನಿಲಯದ ಹೆಂಗಸರಲ್ಲೇ ಇಷ್ಟಪಟ್ಟವರಿಗೆ ತರಬೇತಿ ಕೊಟ್ಟು ಕೆಲಸವನ್ನೂ ಕೊಡಿ. ಎಲ್ಲರೂ ಟೈಲರ್ ಆಗಬೇಕಾಗಿಲ್ಲ, ಈಗಲೇ ನಮಗೆ ಗಿರಾಕಿ ಸಾಲುತ್ತಿಲ್ಲ.

ಆದೇಶದಲ್ಲಿ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ ಇರಲಿ: ಈ ಹೆಂಗಸರನ್ನು ಯಾವ ಸ್ಟೇಜ್ ಮೇಲೂ, ಯಾರ ಸ್ವಾಗತಕ್ಕೂ ಕುಣಿಸಬಾರದು, ವಿಡಿಯೋ ಮಾಡಬಾರದು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದು ಅಂತ ಕಾನೂನೇ ಇದೆ, ಮೊದಲು ಐಪಿಸಿ 228ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಉಳಿದವರಿಗೂ ಅದೇ ಮರ್ಯಾದೆ ಸಿಗಲಿ. ಯಾರಾದರೂ ತಾವಾಗಿ ಆಡುತ್ತೇವೆ ಅಂದರೆ ಅದು ಬೇರೆ. ಆದರೆ ಬೇಡ ಅಂದವಳಿಗೆ ಹಾಲ್ ತಪ್ಪಬಾರದು.

ನೀವು ಬಂದು ನೋಡಬೇಕು ಅನ್ನಿಸಿದರೆ ದಯವಿಟ್ಟು ನೋಡಲು ಬರಬೇಡಿ. ಬರುವುದಾದರೆ ಚಪ್ಪಲಿ ಬಿಟ್ಟು, ಸುತ್ತಿನಲ್ಲಿ ಒಬ್ಬರಾಗಿ ನಿಲ್ಲಲು ಬನ್ನಿ. ಆ ಹೆಂಗಸರು ಒಪ್ಪಿದರೆ.

ಹೊಲಿಗೆ ಹೇಳಿಕೊಡಲು ಈಗಲೂ ಪ್ರತಿ ಗುರುವಾರ ಹೋಗುತ್ತೇನೆ. ಅಜ್ಜಿ ಮಿಷನ್ ಸದ್ದಿನ ನಡುವೆ ಪದ ಗುನುಗುತ್ತಾರೆ, ಪೆಡಲ್‌ಗಳು ಒಂದೇ ಸಮ ಓಡುತ್ತವೆ. ಹಾಲ್‌ನ ಬೀಗದ ಕೈ ಆಫೀಸಿನ ಡ್ರಾದಲ್ಲಿದೆ. ಹನ್ನೆರಡು ಜೊತೆ ಕೋಲು ನನ್ನ ಅಂಗಡಿಯಲ್ಲಿ, ಲೈನಿಂಗ್ ಬಟ್ಟೆಯ ಪಕ್ಕ ಇಟ್ಟಿದ್ದೇನೆ. ಯಾವತ್ತು ಬೀಗ ತೆಗೆಯುತ್ತೀರೋ ತಿಳಿಸಿ, ಅವತ್ತಿನ ಬಸ್ಸಿಗೇ ತರುತ್ತೇನೆ.

ಇತಿ,
ತುಮಕೂರಿನ ಒಬ್ಬ ಲೇಡೀಸ್ ಟೈಲರ್